ಇಪ್ಪತ್ತೈದು ಮಿಲಿಮೀಟರಿನ ಆಣೆ

ಬೇರೆ ಹೆಂಗಸರು ಬೆಳಗಾದರೆ ಅಂಗಳಕ್ಕೆ ನೀರು ಹಾಕಿ, ಚಹಾ ಕುಡಿದು, ಓಣಿಯ ಸುದ್ದಿ ಕೇಳುತ್ತಾರೆ. ಸೋಮವ್ವ ಮಳೆಯ ಸುದ್ದಿ ಕೇಳುತ್ತಿದ್ದಳು. ಅದೂ ತನ್ನೂರಿನ ಮಳೆಯದಲ್ಲ. ಹುನಗುಂದದ ಮಗ್ಗುಲಿನ ಹಳ್ಳಿಯಲ್ಲಿ ಕುಳಿತುಕೊಂಡು, ಪಟ್ಟದಕಲ್ಲನ್ನೂ ದಾಟಿ ಗುಡ್ಡದ ಬುಡಕ್ಕಿರುವ ಮಸರಿಕೊಪ್ಪವೆಂಬ ಊರಿನಲ್ಲಿ ನಿನ್ನೆ ಎಷ್ಟು ಮಿಲಿಮೀಟರ್ ಮಳೆ ಬಿತ್ತು ಎಂಬುದು ಅವಳಿಗೆ ಬೇಕಿತ್ತು. ಆ ಊರಿನ ಬಯಲಿನಲ್ಲಿ ಅವಳ ಗಂಡ ಕಾಳಪ್ಪ ಕುರಿ ಬಿಟ್ಟುಕೊಂಡು ಕುಳಿತಿದ್ದ.

ಸರ್ಕಾರದ ಮಳೆಯ ದಿನ ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ಆವರೆಗೆ ಬಿದ್ದದ್ದೆಲ್ಲ ಒಂದು ಅಂಕಿಯಾಗಿ ಮೊಬೈಲಿಗೆ ಬರುತ್ತದೆ. ಸೊಸೆ ಶಿವಗಂಗಾ ಅಂಗನವಾಡಿಗೆ ಹೊರಡುವ ಹೊತ್ತೂ ಅದೇ. ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಮೊಬೈಲು ಹಿಡಿದು ಅವಳು ಅಂಕಿ ಓದಿ ಹೇಳುವವರೆಗೆ ಸೋಮವ್ವ ಬಾಗಿಲಿಗೆ ಅಡ್ಡ ನಿಂತಿರುತ್ತಿದ್ದಳು. ಆಮೇಲೆ ಆ ಅಂಕಿಯನ್ನು ತನ್ನ ಲೆಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದಳು. ಐದು ಎಂದರೆ ಕಂಬಳಿಯ ಮೇಲೆ ಹನಿ ನಿಂತು ಜಾರಿ ಹೋಗುತ್ತದೆ. ಹತ್ತು ಹನ್ನೆರಡು ಎಂದರೆ ಕಂಬಳಿ ಭಾರವಾಗುತ್ತದೆ. ಇಪ್ಪತ್ತೈದು ಎಂದರೆ ಕಂಬಳಿ ದಾಟಿ, ಅಂಗಿ ದಾಟಿ, ಎದೆಗೆ ಇಳಿಯುತ್ತದೆ. ಇಪ್ಪತ್ತೈದರ ಮೇಲೆ ಅವಳ ಲೆಕ್ಕವೇ ಇರಲಿಲ್ಲ, ಯಾಕೆಂದರೆ ಅಲ್ಲಿಗೆ ಆಟ ಮುಗಿಯಬೇಕೆಂದು ಗಂಡ ಹೆಂಡತಿಯ ನಡುವೆ ಮಾತಾಗಿತ್ತು.

ಮಾತಾದದ್ದು ಹೀಗೆ. ಹುನಗುಂದದ ಕಡೆಯ ಎರೆನೆಲ ಮಳೆಗಾಲದಲ್ಲಿ ಕುರಿಗಳಿಗೆ ಆಗದು. ಕೆಸರಿನಲ್ಲಿ ನಿಂತು ನಿಂತು ಅವುಗಳ ಗೊರಸು ಕೊಳೆಯುತ್ತವೆ. ಅದಕ್ಕೇ ಮಳೆ ಹಿಡಿಯುತ್ತಲೂ ಕುರಿಗಾರರು ಬದಾಮಿ ಸೀಮೆಯ, ನೀರು ನಿಲ್ಲದ ಕೆಂಪು ಮಸಾರಿ ನೆಲಕ್ಕೆ ಹೊರಡುತ್ತಾರೆ. ಕಾಳಪ್ಪ ಮೀಸೆ ಮೂಡುವ ಮೊದಲಿನಿಂದಲೂ ಹೊರಡುತ್ತಿದ್ದವನು. ಹೋದ ವರ್ಷ ಉತ್ತರಿ ಮಳೆಯಲ್ಲಿ ನೆನೆದು, ನೆನೆದದ್ದನ್ನು ಯಾರಿಗೂ ಹೇಳದೆ, ಕಡೆಗೆ ಬಾಗಲಕೋಟೆಯ ದವಾಖಾನೆಯ ಮಂಚ ಸೇರಿದ. ಪುಪ್ಪುಸಕ್ಕೆ ನ್ಯುಮೋನಿಯಾ ಆಗಿದೆ ಎಂದರು. ಸೋಮವ್ವ ಮಂಚದ ಪಕ್ಕ ನೆಲಕ್ಕೆ ಕುಳಿತು ಅವನ ಉಸಿರನ್ನು ಕೇಳಿದಳು. ಅದು ಕಮ್ಮಾರನ ತಿದಿಯ ಹಾಗೆ ಏಳುತ್ತಾ ಬೀಳುತ್ತಾ ಇತ್ತು. ಇನ್ನೊಮ್ಮೆ ಹೀಗೆ ನೆನೆದರೆ ಈ ಎದೆ ತಡೆಯಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವಳು ಸೆರಗಿನ ಗಂಟಿನ ಹಾಗೆ ಭದ್ರವಾಗಿ ಮನೆಗೆ ತಂದಳು.

ಮಗ ಮುತ್ತುರಾಜನ ಟೆಂಪೊ ಹುನಗುಂದದ ಮಾರುಕಟ್ಟೆಗೆ ಓಡುತ್ತಿತ್ತು. ಕುರಿ ಅವನಿಗೆ ಒಪ್ಪಿಸು, ಇಲ್ಲವೇ ಮಾರು ಎಂದು ಅವಳು ಗಂಡನಿಗೆ ಅಪ್ಪಣೆ ಕೊಟ್ಟಳು. ಕಾಳಪ್ಪ ಜಗಳವಾಡುವ ಪೈಕಿ ಅಲ್ಲ. ಹೂಂ ಎಂದ. ಆದರೆ ಅಂದಿನಿಂದ ಎರಡನೆಯ ರೊಟ್ಟಿ ಮುಟ್ಟುವುದನ್ನು ಬಿಟ್ಟ. ಜಗಳವಾಡುವ ಗಂಡನನ್ನು ಗೆಲ್ಲಬಹುದು. ಒಂದೇ ರೊಟ್ಟಿಗೆ ಕೈ ತೊಳೆದು ಏಳುವ ಗಂಡನನ್ನು ಯಾವ ಹೆಂಡತಿ ಗೆದ್ದಿದ್ದಾಳೆ? ಸೋಮವ್ವ ಬೇಸಿಗೆಯುದ್ದಕ್ಕೂ ಆ ಎರಡನೆಯ ರೊಟ್ಟಿಯನ್ನು ನಾಯಿಗೆ ಹಾಕಿ ಹಾಕಿ ಸೋತಳು.

ಆಗ ಬಂದವನು ವಿಜಯೀಂದ್ರ. ಬಾಗಲಕೋಟೆಯ ನವನಗರದ ಹುಡುಗ, ಓದಿ ಎಂಜಿನಿಯರ್ ಆದವನು, ಊರೂರಿಗೆ ಹೋಗಿ ಮಳೆಯಂತ್ರ ನಿಲ್ಲಿಸುವುದು, ಕೆಟ್ಟರೆ ರಿಪೇರಿ ಮಾಡುವುದು ಅವನ ಕೆಲಸ. ಪಂಚಾಯಿತಿಯ ಆವರಣದಲ್ಲಿ, ಸೋಮವ್ವನ ಮನೆಯ ಎದುರಿಗೇ, ಒಂದು ಕಂಬ ನೆಟ್ಟ. ಕಂಬದ ಮೇಲೆ ಗಾಳಿಯ ವೇಗ ಅಳೆಯುವ ಮೂರು ಬಟ್ಟಲು ಗಿರಗಿರ ತಿರುಗತೊಡಗಿದವು. ಅದರ ಪಕ್ಕಕ್ಕೆ ದಿಕ್ಕು ತೋರುವ ಬಾಣ. ಕೆಳಗೆ, ತಾಟುಗಳನ್ನು ಬೋರಲು ಹಾಕಿ ಪೇರಿಸಿದಂತಿದ್ದ ಒಂದು ಬಿಳಿ ಗೂಡು. ಅದರೊಳಗೆ ಉಷ್ಣಾಂಶ ಮತ್ತು ಆರ್ದ್ರತೆ ಅಳೆಯುವ ಕಡ್ಡಿ. ಕಂಬದ ಪಕ್ಕದಲ್ಲಿ, ಎದೆಯೆತ್ತರಕ್ಕೆ, ಬಾಯಿ ತೆರೆದ ಡಬ್ಬಿ. ಅದೇ ಮಳೆಮಾಪಕ.

ಸೋಮವ್ವ ಮಜ್ಜಿಗೆ ಕೊಡುವ ನೆವದಲ್ಲಿ ಹೋದವಳು ಅವನ ಜೀವ ತಿಂದಳು. ಪಾಪದ ಹುಡುಗ, ಬೇಸರವಿಲ್ಲದೆ ಎಲ್ಲ ಬಿಡಿಸಿ ಹೇಳಿದ. ಒಂದು ಸಪಾಟ ಕಲ್ಲಿನ ಮೇಲೆ ಬಿದ್ದ ನೀರು ಹರಿಯದೆ, ಇಂಗದೆ ನಿಂತರೆ ಎಷ್ಟು ಎತ್ತರ ನಿಲ್ಲುತ್ತದೋ ಅದೇ ಮಿಲಿಮೀಟರ್. ಡಬ್ಬಿಯೊಳಗೆ ತಕ್ಕಡಿಯಂಥ ಎರಡು ಪುಟ್ಟ ಬಟ್ಟಲಿವೆ. ಒಂದು ತುಂಬಿದರೆ ಮಗುಚಿ ಇನ್ನೊಂದು ಮೇಲೆ ಬರುತ್ತದೆ. ಎಷ್ಟು ಸಲ ಮಗುಚಿತು ಎಂಬುದನ್ನು ಯಂತ್ರ ಎಣಿಸಿ, ಒಳಗಿನ ಸಿಮ್ಮಿನ ಮೂಲಕ ಕಳಿಸುತ್ತದೆ. ಆರ್ದ್ರತೆ ಎಂದರೆ ಗಾಳಿಯೊಳಗಿನ ಹಸಿ, ಡಬ್ಬಿ ಮುಚ್ಚದೆ ಇಟ್ಟ ಹಪ್ಪಳವನ್ನು ಮೆತ್ತಗೆ ಮಾಡುವುದು ಅದೇ. ಕಾಳಪ್ಪನೂ ಬಂದು ಬೇಲಿಗೆ ಕೈ ಕೊಟ್ಟು ಇದನ್ನೆಲ್ಲ ಕೇಳಿಸಿಕೊಂಡ. ಇಂಥ ಯಂತ್ರ ಮಸರಿಕೊಪ್ಪದ ಹಳೆಯ ಸಾಲಿ ಮೈದಾನದಲ್ಲೂ ಇದೆ ಎಂದು ವಿಜಯೀಂದ್ರ ಅಂದದ್ದೇ ತಡ, ಸೋಮವ್ವನ ತಲೆಗೆ ಒಂದು ಉಪಾಯ ಹೊಳೆಯಿತು.

ಬೀರಪ್ಪನ ಗುಡಿಗೆ ಗಂಡನನ್ನು ಕರೆದುಕೊಂಡು ಹೋಗಿ ಭಂಡಾರದ ಬಟ್ಟಲಿನ ಮುಂದೆ ನಿಲ್ಲಿಸಿದಳು. ಹೋಗು, ಆದರೆ ಆ ಯಂತ್ರದ ಮಗ್ಗುಲಿಗೇ ಕುರಿಹಟ್ಟಿ ಹಾಕಬೇಕು, ನಿನ್ನ ಮೇಲೆ ಬಿದ್ದ ಮಳೆ ನನಗಿಲ್ಲಿ ಕಾಣಬೇಕು ಎಂದಳು. ಉಳಿದದ್ದನ್ನು ಅವನ ಬಾಯಿಂದಲೇ ಹೇಳಿಸಿದಳು. ಕಾಳಪ್ಪ ಅರಿಶಿನದ ಭಂಡಾರವನ್ನು ಮುಟ್ಟಿ ಹೇಳಿದ:

"ಮಸರಿಕೊಪ್ಪದ ಯಂತ್ರ ಒಂದ ದಿನಕ್ಕ ಇಪ್ಪತ್ತೈದು ತೋರಿಸಿತಂದ್ರ, ಮರುದಿನಾ ಮನಿಗೆ ಬರ್ತೇನಿ. ಬೀರಪ್ಪನ ಆಣಿ."

ಅಂದು ಅವನು ಎರಡಲ್ಲ, ಮೂರು ರೊಟ್ಟಿ ತಿಂದ. ಸೋಮವ್ವ ಬುದ್ಧಿವಂತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬುದ್ಧಿವಂತರು ಮಾಡುವ ತಪ್ಪನ್ನು ದಡ್ಡರು ಮಾಡಲಾರರು. ಯಂತ್ರದ ಮಗ್ಗುಲಿಗೆ ಕಾಳಪ್ಪನನ್ನು ಕೂರಿಸಿದ್ದು ಕುರಿ ಕಾಯಲು ತೋಳನನ್ನು ಬಿಟ್ಟಂತೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಮೊದಮೊದಲು ಎಲ್ಲ ನೆಟ್ಟಗಿತ್ತು. ಮಘಿ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು ಎನ್ನುತ್ತಾರೆ. ಆ ಮಘಿ ಮಳೆ ಮಸರಿಕೊಪ್ಪದಲ್ಲಿ ಐದು, ಎಂಟು, ಒಮ್ಮೆ ಹನ್ನೆರಡು ಎಂದು ಹದವಾಗಿ ಬಿತ್ತು. ಸಂಜೆ ಗಂಡನಿಗೆ ಫೋನು ಮಾಡಿ, ಹೆಂಗಿದ್ದೀ ಎಂದು ಕೇಳುವ ಬದಲು ಅವಳು, ನಿನ್ನೆ ಎಂಟು ಬಿತ್ತಲ್ಲ, ಕಂಬಳಿ ಒಣಗಿತೋ ಇಲ್ಲೋ ಎಂದು ಕೇಳುತ್ತಿದ್ದಳು. ದೂರದಲ್ಲಿದ್ದವನ ಮೈಯನ್ನು ಹೀಗೆ ದಿನಾ ಮುಟ್ಟಿ ನೋಡಿದಂತಾಗಿ ಅವಳಿಗೆ ನಿದ್ದೆ ಬರುತ್ತಿತ್ತು. ಹುಬ್ಬಿ ಮಳೆ ಹೂಡುತ್ತಲೂ ಒಂದು ದಿನ ಅಂಕಿ ಇಪ್ಪತ್ತೊಂದಕ್ಕೆ ಏರಿತು. ಸೋಮವ್ವ ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಪರಾತಕ್ಕೆ ಬಿಟ್ಟು ಫೋನು ಹಚ್ಚಿಸಿದಳು. ಇನ್ನು ನಾಲ್ಕು ಬಿದ್ದಿದ್ದರೆ ನೀ ಇವತ್ತು ಬಸ್ಸಿನಾಗ ಇರ್ತಿದ್ದಿ ಎಂದು ನಗುತ್ತ ಅಂದಳು. ಆ ಕಡೆ ಕಾಳಪ್ಪ ನಗಲಿಲ್ಲ.

ಅದರ ಮರುದಿನದಿಂದ ಸೊನ್ನೆ. ಸೊನ್ನೆಯ ಮೇಲೆ ಸೊನ್ನೆ. ಮೊದಲು ಅವಳು ಬೀರಪ್ಪನಿಗೆ ಕೈ ಮುಗಿದಳು. ಆಮೇಲೆ ಕಿವಿ ನಿಮಿರಿಸಿದಳು. ಗುಳೇದಗುಡ್ಡಕ್ಕೆ ಹೋಗಿ ಬಂದ ಭಾವ ಅಮಾತೆಪ್ಪ, ಪಟ್ಟದಕಲ್ಲಿನ ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿದೆ ಎಂದ. ಅದು ಮೇಲಿನಿಂದ ಬಂದ ನೀರಿರಬೇಕು ಎಂದು ಶಿವಗಂಗಾ ಸಮಾಧಾನ ಹೇಳಿದಳು. ಅಷ್ಟಕ್ಕೆ ಬಿಡುವವಳೇ ಸೋಮವ್ವ? ಮಳೆಯ ಅಂಕಿಯ ಕೆಳಗಿನ ಸಾಲುಗಳನ್ನೂ ಓದು ಎಂದಳು. ಶಿವಗಂಗಾ ಓದಿದಳು. ಉಷ್ಣಾಂಶ ಸಂಜೆಗೆ ಸರ್ರನೆ ಇಳಿದಿದೆ. ಗಾಳಿ ಜೋರಾಗಿ ಬೀಸಿದೆ. ಆರ್ದ್ರತೆ ತೊಂಬತ್ತೆಂಟು. ಮಳೆ ಮಾತ್ರ ಸೊನ್ನೆ. ಬ್ಯಾಂಡಿನವರು ಬಂದರು, ಬೀಗರು ಬಂದರು, ಮದುಮಗ ಮಾತ್ರ ಬರಲಿಲ್ಲ ಎಂದಂತಾಯಿತು.

ಸೋಮವ್ವನ ತೀರ್ಮಾನ ಒಂದೇ: ಯಂತ್ರ ಕೆಟ್ಟಿದೆ. ಗಂಡ ಅಲ್ಲಿ ನೆನೆಯುತ್ತಿದ್ದಾನೆ, ಯಂತ್ರ ಇಲ್ಲಿ ಸುಳ್ಳು ಹೇಳುತ್ತಿದೆ. ಗಂಡ ಸುಳ್ಳು ಹೇಳಿಯಾನು ಎಂಬುದು ಅವಳ ಕನಸಿಗೂ ಬರಲಿಲ್ಲ. ವಿಜಯೀಂದ್ರನಿಗೆ ಫೋನು ಮಾಡಿ, ತಮ್ಮಾ, ನಿನ್ನ ಮಸರಿಕೊಪ್ಪದ ಡಬ್ಬಿಗೆ ಕಣ್ಣು ಹೋಗೈತಿ, ನೋಡಿ ಬಾ ಎಂದು ತಾಕೀತು ಮಾಡಿದಳು. ತನಗೂ ಆ ಅಂಕಿಗಳ ಮೇಲೆ ಅನುಮಾನ ಬಂದಿದೆ, ಎಲೆ ಬಿದ್ದೋ ಹಕ್ಕಿ ಗೂಡು ಕಟ್ಟಿಯೋ ಬಾಯಿ ಕಟ್ಟಿರಬೇಕು, ನಾಳೆಯೇ ಹೋಗುತ್ತೇನೆ ಎಂದ ಹುಡುಗ.

ಹೋದ. ಅಂಗನವಾಡಿಗೆ ಅಂದು ರಜೆ. ಮಧ್ಯಾಹ್ನಕ್ಕೆ ಮುಂಚೆ ಶಿವಗಂಗಾಳ ಮೊಬೈಲಿಗೆ ಒಂದು ಫೋಟೊ ಬಂತು, ಹಿಂದೆಯೇ ಅವನ ಫೋನೂ ಬಂತು.

"ಯಂತ್ರ ಛಲೋ ಅದರೀ ಸೋಮವ್ವಾರ. ಯಾರೋ ಅದರ ಮ್ಯಾಲೆ ಕಂಬಳಿ ಹೊಚ್ಚ್ಯಾರ. ಬೇಲಿ ಹೊರಗಿಂದ ಕೋಲಿಲೆ ಒಗದಂಗ ಕಾಣಸ್ತದ. ಕಂಬಳಿಗೆ ಇಳಕಲ್ಲ ಸೀರಿ ಸೆರಗಿನ ತ್ಯಾಪಿ ಹಚ್ಚ್ಯದರೀ, ಯಾರದಂತ ನಿಮಗೇನರೆ ಗೊತ್ತದ?"

ಶಿವಗಂಗಾ ಫೋಟೊ ದೊಡ್ಡದು ಮಾಡಿ ತೋರಿಸಿದಳು. ಕರಿಕಂಬಳಿ, ಅದರ ಮೂಲೆಯಲ್ಲಿ ಅಂಗೈಯಗಲದ ಕೆಂಪು ರೇಷ್ಮೆಯ ತೇಪೆ. ಗೊತ್ತಿಲ್ಲದೆ ಏನು? ಆ ಕಂಬಳಿಯ ಉಣ್ಣೆ ಸೋಮವ್ವ ನೂತದ್ದು. ಹುಣಸೆಬೀಜದ ಗಂಜಿ ಕಾಸಿ ಕುಂಚದಿಂದ ತಿಕ್ಕಿದ್ದು ಅವಳೇ. ಆ ಗಂಜಿ ಹಿಡಿದದ್ದರಿಂದಲೇ ಅದರ ಮೇಲೆ ಬಿದ್ದ ನೀರು ಕೆಳಗಿಳಿಯದೆ ಜಾರುವುದು. ಕಾಳಪ್ಪ ಬೀಡಿಯ ಕಿಡಿ ಬೀಳಿಸಿ ಮೂಲೆ ಸುಟ್ಟಾಗ, ಬೈಯುತ್ತ ಬೈಯುತ್ತ ತನ್ನ ಮದುವೆಯ ಸೀರೆಯ ಸೆರಗು ಕತ್ತರಿಸಿ ತೇಪೆ ಹಚ್ಚಿದವಳೂ ಅವಳೇ.

ಶಿವಗಂಗಾಗೆ ನಗೆ ತಡೆಯಲಾಗಲಿಲ್ಲ. ಮಾವನ ಆಣೆಗೆ ಮಾವನೇ ಕಂಬಳಿ ಹೊಚ್ಚಿದ್ದ! ಯಂತ್ರ ತೋರಿಸಿದರೆ ತಾನೆ ಮನೆಗೆ ಬರುವ ಮಾತು? ಆದರೆ ಅತ್ತೆಯ ಮುಖ ನೋಡಿ ಅವಳ ನಗೆ ನಿಂತಿತು. ಸೋಮವ್ವನಿಗೆ ಮೊದಲು ಬಂದದ್ದು ಸಿಟ್ಟೇ. ಇಷ್ಟು ದಿನ ಸೊನ್ನೆಗೆ ಕೈ ಮುಗಿದ ತನ್ನ ಹುಚ್ಚಿಗೆ ತಾನೇ ಹಲ್ಲು ಕಡಿದಳು. ಆಮೇಲೆ, ಫೋಟೊವನ್ನು ನೋಡುತ್ತ ನೋಡುತ್ತ, ಅವಳಿಗೆ ಇನ್ನೊಂದು ಹೊಳೆಯಿತು. ಗಂಡನ ಬಳಿ ಇದ್ದದ್ದು ಅದೊಂದೇ ಕಂಬಳಿ.

"ಕಂಬಳಿ ಯಂತ್ರದ ಮ್ಯಾಲ ಇತ್ತಂದ್ರ, ಶಿವಗಂಗಾ, ಅಂವನ ಮ್ಯಾಲ ಏನಿತ್ತು?" ಎಂದಳು.

 ಸೋಮವ್ವ ಉತ್ತರಕ್ಕೆ ಕಾಯಲಿಲ್ಲ. ನಿನ್ನ ಮಾವನನ್ನು ಕರೆದುಕೊಂಡೇ ಬರುತ್ತೇನೆ, ನಾಳೆ ಮುತ್ತುರಾಜ ಟೆಂಪೊ ತೆಗೆದುಕೊಂಡು ಬರಲಿ, ಕುರಿಗಳನ್ನು ಹೊಡೆದುಕೊಂಡು ಬರಲು ಯಾರನ್ನಾದರೂ ಗೊತ್ತು ಮಾಡಲಿ ಎಂದು ಹೇಳಿ ಸಿಕ್ಕ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಗಂಡನಿಗೆ ಬೈಯಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಅಮೀನಗಡದಲ್ಲಿ ಬಸ್ಸು ಬದಲಿಸುವಾಗ ಬಯ್ಗುಳ ಭಾಳ ಚೆನ್ನಾಗಿ ಕೂಡಿ ಬಂದಿತ್ತು, ಆದರೂ ಅವಳ ಕಾಲು ಅಂಗಡಿಯ ಕಡೆಗೆ ಹೊರಳಿತು. ಒಂದು ದೊಡ್ಡ ನೀಲಿ ತಾಡಪತ್ರಿ ಕೊಂಡಳು. ಅದರ ಪಕ್ಕದಂಗಡಿಯಲ್ಲಿ ಕರದಂಟು ಕೊಂಡಳು. ಬೈಯಲಿಕ್ಕೆ ಹೋಗುವವರು ಕರದಂಟು ಒಯ್ಯುತ್ತಾರೆಯೇ ಎಂದು ಯಾರಾದರೂ ಕೇಳಿದ್ದರೆ ಅವರಿಗೂ ಒಂದಿಷ್ಟು ಸಿಗುತ್ತಿತ್ತು. ಐಹೊಳೆಯ ಮೇಲೆ ಹಾಯ್ದು ಪಟ್ಟದಕಲ್ಲು, ಅಲ್ಲಿಂದ ಟಂಟಂ ಹಿಡಿದು ಮಸರಿಕೊಪ್ಪ ಮುಟ್ಟುವಾಗ ಹೊತ್ತು ಇಳಿದಿತ್ತು.

ಅಲ್ಲಿ ನೋಡಿದರೆ ಕಳ್ಳ ಪೊಲೀಸರಿಬ್ಬರೂ ಒಂದಾಗಿದ್ದರು. ವಿಜಯೀಂದ್ರ ಮಳೆಮಾಪಕದ ಬಾಯಿಗೆ ಅಳತೆಯ ನೀರು ಹನಿ ಹನಿಯಾಗಿ ಬಿಟ್ಟು ಒಳಗಿನ ಬಟ್ಟಲು ಸರಿಯಾಗಿ ಮಗುಚುತ್ತಿವೆಯೇ ಎಂದು ನೋಡುತ್ತಿದ್ದ. ಕಾಳಪ್ಪ ಅವನ ನಟ್ಟು ತಿರುಗಿಸುವ ಪಾನಾ ಹಿಡಿದುಕೊಂಡು, ಎಷ್ಟೋ ವರ್ಷದ ಸಹಾಯಕನಂತೆ ನಿಂತಿದ್ದ. ಹೆಂಡತಿಯನ್ನು ಕಂಡು ಪಾನಾವನ್ನು ಬೆನ್ನ ಹಿಂದೆ ಅಡಗಿಸಿದ.

ವಿಜಯೀಂದ್ರ ಅವಳಿಗೆ ನಮಸ್ಕಾರ ಹೇಳಿ, ಅಜ್ಜಾರು ಎಲ್ಲ ಒಪ್ಪಿಕೊಂಡರು, ಇನ್ನು ಹೊಚ್ಚುವುದಿಲ್ಲ ಎಂದು ಮಾತು ಕೊಟ್ಟರು ಎಂದ. ಈ ಡಬ್ಬಿಯ ಲೆಕ್ಕ ನಿಮ್ಮಿಬ್ಬರದಷ್ಟೇ ಅಲ್ಲ, ಸುತ್ತಲಿನ ಹೊಲಗಳ ಮಳೆಯೂ ಇದರಲ್ಲೇ ಇದೆ, ಮುಚ್ಚಿದರೆ ಅವರಿಗೆಲ್ಲ ಮೋಸ ಎಂದೂ ಹೇಳಿದ. ಗಡಸಾಗಿ ಹೇಳಲು ನೋಡಿದ, ಅವನಿಗೆ ಆ ವಿದ್ಯೆ ಬರುತ್ತಿರಲಿಲ್ಲ. ಮುಚ್ಚಿದ್ದ ದಿನಗಳ ಸೊನ್ನೆಯನ್ನು ಲೆಕ್ಕದಿಂದ ತೆಗೆಸಿ, ಬಟ್ಟೆ ಬಿದ್ದಿತ್ತು, ತೆಗೆಯಲಾಯಿತು ಎಂದಷ್ಟೇ ವರದಿ ಬರೆಯುತ್ತೇನೆ ಎಂದು, ಎದ್ದಿದ್ದ ಮೋಡವನ್ನು ಒಮ್ಮೆ ನೋಡಿ ಬೈಕು ಹತ್ತಿದ. ಸೋಮವ್ವ ಅವನ ಚೀಲಕ್ಕೆ ಒಂದು ಕರದಂಟು ತುರುಕಿದಳು.

ಜನರೆದುರು ಗಂಡನಿಗೆ ರೀ ಹಚ್ಚಿ ಮಾತಾಡುವವಳು ಸೋಮವ್ವ. ಬೈಕಿನ ಸದ್ದು ಅಡಗಿದ ಮೇಲೆ ರೀ ಬಿಟ್ಟಳು. ದಾರಿಯಲ್ಲಿ ಜೋಡಿಸಿದ್ದ ಬಯ್ಗುಳವೆಲ್ಲ ಹಾರಿಹೋಗಿ ಒಂದೇ ಪ್ರಶ್ನೆ ಉಳಿದಿತ್ತು. ಏನು ಹೊದ್ದುಕೊಂಡಿದ್ದಿ ಎಂದಳು. ಕಾಳಪ್ಪ ಗೊಬ್ಬರದ ಖಾಲಿ ಚೀಲವೊಂದನ್ನು ಮಡಚಿ ತಲೆಗೆ ಕೊಪ್ಪೆ ಮಾಡಿಕೊಂಡದ್ದನ್ನು ತೋರಿಸಿದ. ಅದು ಅವನ ಹೆಗಲಿನ ತನಕ ಬರುತ್ತಿತ್ತು. ಅವಳು ಅವನ ಕುತ್ತಿಗೆಗೆ, ಎದೆಗೆ ಕೈ ಹಿಂದುಮುಂದಾಗಿ ಹಚ್ಚಿ ನೋಡಿದಳು. ಬಿಸಿ ಇರಲಿಲ್ಲ. ಗಂಟು ಮೂಟೆ ತಡಕಿದಳು. ಅರ್ಧ ಖಾಲಿಯಾದ ಕೆಮ್ಮಿನ ಔಷಧದ ಬಾಟಲಿ ಸಿಕ್ಕಿತು. ಒಮ್ಮೆ ಜ್ವರ ಬಂದಿತ್ತು, ಪಟ್ಟದಕಲ್ಲಿನಿಂದ ಗುಳಿಗೆ ತರಿಸಿ ನುಂಗಿದೆ, ಹೋಯಿತು ಎಂದು ಅವನು ನೆಲ ನೋಡುತ್ತ ಒಪ್ಪಿಕೊಂಡ.

ಸೋಮವ್ವ ಅಲ್ಲೇ ಕುಳಿತುಬಿಟ್ಟಳು. ಸಾಯಾಕ ಅಡ್ಡಿ ಇಲ್ಲ, ಮನಿಗೆ ಬರಾಕ ಅಡ್ಡಿ ಏನು ಎಂದು ಕೇಳಿದಳು.  ಕಾಳಪ್ಪನಿಗೆ ಮಾತು ಹುಡುಕುವುದು ಕಷ್ಟ; ಕುರಿ ಕರೆಯುವ ಕೂಗು ಬಿಟ್ಟರೆ ಉಳಿದ ಮಾತೆಲ್ಲ ಅವನಿಗೆ ಸಾಲ ತಂದ ಹಾಗೆ.

"ದವಾಖಾನ್ಯಾಗ ಮಲಗಿದ್ನೆಲ್ಲ," ಎಂದ ಕಡೆಗೆ. "ಅಲ್ಲಿ ಗಾಳಿ ಯಾವ ಕಡಿಂದ ಬರತೈತಿ ಅನ್ನೂದು ತಿಳೀಲಿಲ್ಲ. ಫ್ಯಾನಿನ ಗಾಳಿಗೆ ದಿಕ್ಕ ಇಲ್ಲ. ನನಗ ಉಸಿರು ಕಟ್ಟಿದ್ದು ಅದಕ್ಕ. ಮನ್ಯಾಗ ಕುಂತರೂ ಹಂಗ ಆಕ್ಕೈತಿ, ಸೋಮವ್ವಾ. ನಿನಗ ಹೇಳಾಕ ಬರಲಿಲ್ಲ."

ಹಾಗಾದರೆ ಅಂಕಿ ಮುಚ್ಚಿದ್ದು ಯಾಕೆ, ಬರುವುದಿಲ್ಲ ಅಂತ ಫೋನಿನಲ್ಲಿ ಹೇಳಿದ್ದರೆ ಆಗುತ್ತಿತ್ತಲ್ಲ ಎಂದು ಅವಳು ಕೇಳಿದಳು.

"ಆಣಿ ಮುರೀಬಾರದು. ಮತ್ತ..." ಅವನು ಯಂತ್ರದ ಕಡೆ ನೋಡಿದ. "ನನ್ನ ಮ್ಯಾಲ ಬಿದ್ದ ಮಳಿ ಬಿಸಲು ಬಿದ್ದಕೂಡ್ಲೇ ಒಣಗತೈತಿ. ಅದ ಮಳಿ ಅಲ್ಲಿ ನಿನ್ನ ಮ್ಯಾಲ ಬಿದ್ರ ಒಣಗಂಗಿಲ್ಲ. ಇಪ್ಪತ್ತೊಂದು ಬಿದ್ದ ದಿನಾ ನಿನ್ನ ದನಿ ಕೇಳೇನಿ ನಾ. ನಗಾಕ ಹತ್ತಿದ್ದಿ, ಆದ್ರ ನಡುಗತಿದ್ದಿ."

 ಈ ಮನುಷ್ಯ ತನ್ನನ್ನು ನೆನೆಯದಂತೆ ಕಾಯಲು ತಾನು ನೆನೆದಿದ್ದ. ಬೈಯಬೇಕೋ ಅಪ್ಪಬೇಕೋ ತಿಳಿಯದೆ ಸೋಮವ್ವ ಕರದಂಟು ಬಿಚ್ಚಿ ಅವನ ಕೈಗೆ ಕೊಟ್ಟಳು. ಹಾಗಂತ ನಿರ್ಧಾರ ಬದಲಿಸಲಿಲ್ಲ. ಪ್ರೀತಿ ಪ್ರೀತಿಯೇ, ಪುಪ್ಪುಸ ಪುಪ್ಪುಸವೇ. ನಾಳೆ ಮುತ್ತುರಾಜ ಬರುತ್ತಾನೆ, ಹೊರಡೋಣ ಎಂದಳು. ಕಾಳಪ್ಪ ಹೂಂ ಎಂದ.

ಕತ್ತಲೆ ಕವಿಯುವ ಮೊದಲೇ ಪಡುವಣದ ಗುಡ್ಡದ ಮೇಲಿಂದ ಮಳೆ ಇಳಿದು ಬಂತು. ಇಬ್ಬರೂ ಸೇರಿ ಎರಡು ಬೇವಿನ ಗಿಡಗಳ ನಡುವೆ ಅವಸರದಿಂದ ತಾಡಪತ್ರಿ ಕಟ್ಟಿದರು. ಮೊದಲ ದಪ್ಪ ಹನಿಗಳು ಬಿದ್ದಾಗ ಕಾಳಪ್ಪನ ಕೈ ಅಭ್ಯಾಸಬಲದಿಂದ ಕಂಬಳಿಗೆ ಹೋಯಿತು, ಕಣ್ಣು ಯಂತ್ರಕ್ಕೆ ಹೋಯಿತು. ಅಲ್ಲೇ ತಡೆದ. ಕಂಬಳಿಯನ್ನು ಕೊಡವಿ ಸೋಮವ್ವನಿಗೆ ಹೊಚ್ಚಿದ. ಅವಳು ಅದನ್ನು ಅವನ ಮೇಲೆಯೇ ಎಳೆದು ಹಾಕಿ, ಕೊಪ್ಪೆ ಕಟ್ಟಿ, ಗದ್ದದ ಕೆಳಗೆ ಬಿಗಿದಳು. ಅವನು ಮರಿಗಳನ್ನು ಒಳಗೆ ಸೇರಿಸಲು ಹೊರಟ.

ಸೋಮವ್ವ ತಾಡಪತ್ರಿಯ ಕೆಳಗಿಂದ ನೋಡುತ್ತ ನಿಂತಳು. ಮನೆಯಲ್ಲಿ ಒಂದು ಲೋಟ ನೀರು ಕೇಳಲೂ ದನಿ ಏಳದ ಗಂಡ ಇಲ್ಲಿ ಬಯಲು ತುಂಬ ಕೂಗುತ್ತಿದ್ದ. ಒಂದೊಂದು ಕುರಿಗೆ ಒಂದೊಂದು ಹೆಸರು, ಒಂದೊಂದು ಬಯ್ಗುಳ. ಅವು ಅವನ ಕೂಗಿನ ಹಿಂದೆ ಒತ್ತೊತ್ತಾಗಿ ಬಂದು ನಿಂತವು. ಮುತ್ತುರಾಜ ಹುಟ್ಟುವ ಮೊದಲು ಅವಳೂ ಹೀಗೇ ಹಟ್ಟಿಯ ಜೊತೆ ತಿರುಗಿದವಳು. ಮಳೆಯಲ್ಲಿ ಈ ಗಂಡಸಿನ ಮುಖ ಹೇಗಿರುತ್ತದೆ ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು. ನೆನಪಾಗಿ 'ಅಯ್ಯೋ ಬೀರಪ್ಪ' ಎಂದುಕೊಂಡಳು. ಇಷ್ಟು ದಿನ ತಾನು ಕಾಯುತ್ತಿದ್ದದ್ದು ಬರೀ ಅವನ ಉಸಿರನ್ನು ಎಂದು ಅವಳಿಗೆ ಅನಿಸಿತು, ಅವನನ್ನಲ್ಲ.

ಮಳೆ ಬಿಡಲಿಲ್ಲ. ಬೇಲಿಯೊಳಗೆ ಡಬ್ಬಿ ಬಾಯಿ ತೆರೆದುಕೊಂಡು ನಿಂತಿತ್ತು. ಮುಚ್ಚುವ ಮಾತನ್ನು ಇಬ್ಬರೂ ಆಡಲಿಲ್ಲ.

ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಹೊತ್ತಿಗೆ ಸರಿಯಾಗಿ ಶಿವಗಂಗಾಳ ಫೋನು ಬಂತು. ಅಂಕಿ ಹೇಳಲು ಅವಳು ಹಿಂದೆಮುಂದೆ ನೋಡಿದಳು. ಮೂವತ್ತೆಂಟು ಎಂದಳು. ಫೋನಿನ ದನಿ ದೊಡ್ಡದು, ಕಾಳಪ್ಪನಿಗೂ ಕೇಳಿಸಿತು. ಅವನು ಎದ್ದು ಹೋಗಿ ಮರಿಗಳ ಸುತ್ತ ಕಟ್ಟಿದ್ದ ಬಲೆ ಬಿಚ್ಚತೊಡಗಿದ. ಗೂಟ ಕಿತ್ತ, ಬಲೆ ಸುತ್ತಿದ. ಯಂತ್ರ ತೋರಿಸಿತ್ತು, ಆಣೆ ಬಂದು ಎದುರಿಗೆ ನಿಂತಿತ್ತು, ಅವನು ಬೀರಪ್ಪನಿಗೆ ಸುಳ್ಳು ಹೇಳುವವನಲ್ಲ. ಬೆನ್ನು ಈ ಕಡೆ ಮಾಡಿ ತಲೆಗೆ ಸುತ್ತಿದ ಪಟಕದ ತುದಿಯಿಂದ ಮುಖ ಒರೆಸಿಕೊಂಡ. ಮಳೆ ನಿಂತು ಬಹಳ ಹೊತ್ತಾಗಿತ್ತು.

ಸೋಮವ್ವ ಫೋನನ್ನು ಕಿವಿಗೆ ಹಿಡಿದೇ ಅವನನ್ನು ನೋಡಿದಳು. ಅತ್ತೀ, ಅತ್ತೀ ಎಂದು ಆ ಕಡೆ ಶಿವಗಂಗಾ ಕರೆಯುತ್ತಿದ್ದಳು.

"ಮುತ್ತುರಾಜಗ ಹೇಳವಾ," ಎಂದಳು ಸೋಮವ್ವ. "ಟೆಂಪೊದಾಗ ಹಂಚು, ಪರಾತ, ಒಂದ ಚೀಲ ಜ್ವಾಳದ ಹಿಟ್ಟು, ಶೇಂಗಾ ಚಟ್ನಿ, ಇನ್ನೊಂದ ಕಂಬಳಿ, ನನ್ನ ಎರಡ ಸೀರಿ ಹಾಕ್ಕೊಂಡ ಬಾ ಅನ್ನು. ಹೋಗೂಮುಂದ ಖಾಲಿ ಟೆಂಪೊ ಹೊಡ್ಕೊಂಡ ಹೋಗ್ಲಿ."

ಫೋನು ಇಟ್ಟು ಮೂರು ಕಲ್ಲು ಹುಡುಕಿದಳು. ತಾಡಪತ್ರಿಯ ಕೆಳಗೆ, ಗಾಳಿಗೆ ಮರೆಯಾಗಿ, ಒಲೆ ಹೂಡಿದಳು. ರಾತ್ರಿಯೆಲ್ಲ ನೆನೆಯದಂತೆ ಎತ್ತಿಟ್ಟಿದ್ದ ಕಡ್ಡಿ ಇಟ್ಟು ಊದಿದಳು. ಹೊಗೆ ಬಂತು, ಬೆಂಕಿಯೂ ಬಂತು. ಕಾಳಪ್ಪನ ಬೋಗುಣಿ ತೊಳೆದು ಚಹಾಕ್ಕೆ ನೀರಿಟ್ಟಳು. ಕಸಬರಿಗೆ ಇರಲಿಲ್ಲ, ಬೇವಿನ ಟೊಂಗೆ ಮುರಿದು ಅದರಿಂದಲೇ ನೆಲ ಗುಡಿಸಿದಳು. ಆಮೇಲೆ ತಾಡಪತ್ರಿಯ ಅಂಚನ್ನು ಒಂದು ಕೈಯಿಂದ ಎತ್ತಿ ಹಿಡಿದು ಹೊರಗೆ ನಿಂತವನನ್ನು ಕರೆದಳು.

"ಯಂತ್ರ ತೋರಿಸೇತಿ. ಮನಿಗೆ ಬಾ."

ಸುತ್ತಿದ ಬಲೆ ಹೆಗಲ ಮೇಲಿಟ್ಟುಕೊಂಡ ಕಾಳಪ್ಪ ತಿರುಗಿ ನೋಡಿದ. ಅವನಿಗೆ ಕೂಡಲೇ ತಿಳಿಯಲಿಲ್ಲ.

"ನಾ ಒಲಿ ಹೂಡಿದಲ್ಲಿ ನಿನ್ನ ಮನಿ," ಎಂದಳು ಸೋಮವ್ವ. "ಬೀರಪ್ಪನೂ ಕುರಿ ಕಾಯ್ದಾಂವನ, ಅಂವ ಇದಕ್ಕ ಒಲ್ಲೆ ಅನ್ನಂಗಿಲ್ಲ. ಆದ್ರ ಒಂದ ಮಾತು. ಮಳಿ ಬಂತಂದ್ರ ನೀ ಒಳಗ, ನಾ ಹೊರಗ. ಕೂಗೂದು ಇಲ್ಲಿಂದನ ಕೂಗು, ಕುರಿ ನಾ ಕೂಡಹಾಕ್ತೇನಿ."

ಕಾಳಪ್ಪ ಹೆಗಲಿನ ಬಲೆಯನ್ನು ನಿಧಾನವಾಗಿ ಕೆಳಗಿಳಿಸಿದ. ಒಮ್ಮೆ ಕುರಿಗಳ ಕಡೆ ನೋಡಿದ, ಒಮ್ಮೆ ಒಲೆಯ ಹೊಗೆ ಹೊರಳಿದ ದಿಕ್ಕನ್ನು ನೋಡಿದ. ನಾಲ್ಕು ಹೆಜ್ಜೆ ನಡೆದು ಬಂದು ತಾಡಪತ್ರಿಯ ಹೊರಗೆ ನಿಂತು, ಊರಿನ ಮನೆಯ ಹೊಸ್ತಿಲಲ್ಲಿ ಬಿಡುವ ಹಾಗೆಯೇ ಚಪ್ಪಲಿ ಬಿಟ್ಟ. ಆಮೇಲೆ ತಲೆ ಬಗ್ಗಿಸಿ ಒಳಗೆ ಬಂದ.